ಸಿಡ್ನಿಯ ಅಂಗಡಿಯೊಡತಿ ಮೇರಿ ರೀಬಿ

ಬ್ಯಾಂಕು ಬರುವುದಕ್ಕೆ ಮೊದಲು ನಮ್ಮ ಹಳ್ಳಿಗಳ ಬ್ಯಾಂಕು ಎಂದರೆ ಕಿರಾಣಿ ಅಂಗಡಿಯೇ ಆಗಿತ್ತು. ಉಪ್ಪು, ಬೆಲ್ಲ, ಸೀಮೆಎಣ್ಣೆ, ಸೂಜಿ, ದಾರ, ಲಾಟೀನು, ಬೀಗ ಎಲ್ಲವೂ ಒಂದೇ ಸೂರಿನಡಿ ಸಿಗುತ್ತಿದ್ದವು. ಸುಗ್ಗಿಗೆ ಕೊಡುತ್ತೇನೆಂದು ಹೇಳಿ ಸಾಮಾನು ತಂದವರ ಹೆಸರು ಉದ್ದನೆಯ ಕೆಂಪು ರಟ್ಟಿನ ಪುಸ್ತಕದಲ್ಲಿ ಸೇರುತ್ತಿತ್ತು. ಇಂದು ನಗದು ನಾಳೆ ಉದ್ರಿ ಎಂಬ ಫಲಕ ಗೋಡೆಯ ಮೇಲಿದ್ದರೂ ಅದರ ಕೆಳಗೇ ಉದ್ರಿ ಲೆಕ್ಕ ಬರೆಯುತ್ತಿದ್ದ ಅಂಗಡಿಕಾರರನ್ನು ನಮ್ಮ ಹಿರಿಯರು ಬಲ್ಲರು. ಅಂಗಡಿ ನಿಂತದ್ದು ನಂಬಿಕೆಯ ಮೇಲೆ. ಯಾರ ಮಾತು ನಡೆಯುತ್ತದೆ, ಯಾರದು ನಡೆಯುವುದಿಲ್ಲ ಎಂಬುದು ಆ ಪುಸ್ತಕಕ್ಕೆ ಗೊತ್ತಿತ್ತು.

ಇಂಥದೇ ಒಂದು ಅಂಗಡಿಯನ್ನು ಇನ್ನೂರು ವರ್ಷಗಳ ಹಿಂದೆ ಸಮುದ್ರದಾಚೆಯ ವಸಾಹತೊಂದರಲ್ಲಿ ನಡೆಸಿದ ಹೆಣ್ಣುಮಗಳ ಜೀವನವನ್ನು ಈ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಪರಿಚಯಿಸುವುದು ಈ ಲೇಖನದ ಉದ್ದೇಶ. ಆಕೆಯ ಹೆಸರು ಮೇರಿ ರೀಬಿ. ಇಂದು ನಮ್ಮ ನಾಡಿನ ಎಷ್ಟೋ ಮಕ್ಕಳು ಉದ್ಯೋಗಕ್ಕೆಂದು ಸಿಡ್ನಿ, ಮೆಲ್ಬರ್ನ್ ನಗರಗಳಲ್ಲಿ ನೆಲೆಸಿದ್ದಾರೆ. ಅವರು ದಿನವೂ ಬಳಸುವ ಆಸ್ಟ್ರೇಲಿಯಾದ 20 ಡಾಲರಿನ ನೋಟಿನ ಮೇಲೆ ಕನ್ನಡಕ ಧರಿಸಿದ, ತಲೆಗೆ ಬಿಳಿಯ ಕುಲಾವಿ ತೊಟ್ಟ ಒಬ್ಬ ವೃದ್ಧೆಯ ಚಿತ್ರವಿದೆ. 1994ರಿಂದ ಆ ನೋಟಿನಲ್ಲಿರುವ ಆ ವೃದ್ಧೆ ಈಕೆಯೇ. ಒಂದು ದೇಶ ತನ್ನ ಹಣದ ಮೇಲೆ ಅಚ್ಚುಹಾಕಿ ಗೌರವಿಸಿದ ಈ ಮಹಿಳೆ ಆ ದೇಶಕ್ಕೆ ಕಾಲಿಟ್ಟದ್ದು ಕಳವಿನ ಅಪರಾಧಿಯಾಗಿ. ಆಗ ಆಕೆಗಿನ್ನೂ 15 ವರ್ಷ.

ಗಂಡುವೇಷದ ಹುಡುಗಿ

ಮೇರಿ ಹುಟ್ಟಿದ್ದು 1777ರ ಮೇ 12ರಂದು, ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತದ ಬರಿ ಎಂಬ ಊರಿನಲ್ಲಿ. ಹುಟ್ಟುಹೆಸರು ಮಾಲಿ ಹೇಡಾಕ್. ಚಿಕ್ಕಂದಿನಲ್ಲೇ ತಂದೆ ತಾಯಿಯರನ್ನು ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದಳು. ಮುಂದೆ ಮನೆಗೆಲಸಕ್ಕೆ ಸೇರಿಸಿದಾಗ ಅಲ್ಲಿ ನಿಲ್ಲಲಾರದೆ ಓಡಿಹೋದಳು. ಒಂಟಿ ಹುಡುಗಿ ದಾರಿಯಲ್ಲಿ ನಡೆಯುವುದು ಕಷ್ಟವೆಂದು ಕಂಡಿತೋ ಏನೋ, ಗಂಡುಹುಡುಗನ ಉಡುಪು ತೊಟ್ಟು ಜೇಮ್ಸ್ ಬರೋ ಎಂದು ಹೆಸರು ಬದಲಿಸಿಕೊಂಡಳು. ಆ ವೇಷದಲ್ಲಿದ್ದಾಗಲೇ ಕುದುರೆ ಕದ್ದ ಆರೋಪದ ಮೇಲೆ ಸಿಕ್ಕಿಬಿದ್ದಳು. ಆಗಿನ ಇಂಗ್ಲೆಂಡಿನ ಕಾನೂನಿನಲ್ಲಿ ಕುದುರೆ ಕಳವಿಗೆ ಮರಣದಂಡನೆಯನ್ನೂ ವಿಧಿಸಬಹುದಿತ್ತು. ಈಕೆಗೆ ಸಿಕ್ಕಿದ್ದು ಏಳು ವರ್ಷಗಳ ಗಡಿಪಾರು. ನಮ್ಮ ಶಾಲೆಯ ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳ ವಯಸ್ಸು ಆಗ ಆಕೆಯದು.

ಗಡಿಪಾರು ಎಂದರೆ ದೂರದ ವಸಾಹತಿಗೆ ಸಾಗಿಸುವುದು. ಮೊದಲು ಇಂಗ್ಲೆಂಡಿನವರು ಕೈದಿಗಳನ್ನು ಅಮೆರಿಕಕ್ಕೆ ಕಳಿಸುತ್ತಿದ್ದರು. ಅಮೆರಿಕ ಸ್ವತಂತ್ರವಾದ ಮೇಲೆ ಆ ದಾರಿ ಮುಚ್ಚಿತು. 1788ರ ಜನವರಿ 26ರಂದು ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕೈದಿಗಳ ವಸಾಹತು ಆರಂಭವಾಯಿತು. 1868ರವರೆಗೆ ಸುಮಾರು 1,60,000 ಕೈದಿಗಳನ್ನು ಆ ಖಂಡಕ್ಕೆ ಸಾಗಿಸಲಾಯಿತು. ರಾಯಲ್ ಅಡ್ಮಿರಲ್ ಎಂಬ ಹಡಗಿನಲ್ಲಿ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಪ್ರಯಾಣ ಮಾಡಿ ಮೇರಿ 1792ರ ಅಕ್ಟೋಬರಿನಲ್ಲಿ ಸಿಡ್ನಿ ತಲುಪಿದಳು.

ಅಲ್ಲಿ ತಲುಪಿದ ಕೂಡಲೇ ಆಕೆ ಇಂಗ್ಲೆಂಡಿನಲ್ಲಿದ್ದ ತನ್ನ ಚಿಕ್ಕಮ್ಮನಿಗೆ ಒಂದು ಪತ್ರ ಬರೆದಳು. ಆ ಪತ್ರವನ್ನು ಸಿಡ್ನಿಯ ಗ್ರಂಥಾಲಯದಲ್ಲಿ ಇಂದಿಗೂ ಕಾಪಾಡಿದ್ದಾರೆ. ಬಂದೊದಗಿದ ದುರ್ದೆಸೆಯಲ್ಲೇ ಆದಷ್ಟು ಸಂತೋಷದಿಂದ ಇರಲು ಪ್ರಯತ್ನಿಸುತ್ತೇನೆಂದೂ, ಅವಕಾಶ ಸಿಕ್ಕರೆ ತಿರುಗಿ ಬರುತ್ತೇನೆಂದೂ ಆಕೆ ಅದರಲ್ಲಿ ತಿಳಿಸಿದ್ದಾಳೆ. ಕಾಗುಣಿತದ ತಪ್ಪುಗಳಿವೆ, ಆದರೆ ಪತ್ರ ಆಕೆಯದೇ. ಆ ಕಾಲದಲ್ಲಿ ಬಡವರ ಮನೆಯ ಹೆಣ್ಣುಮಕ್ಕಳಲ್ಲಿ ಬರೆಯಬಲ್ಲವರು ತೀರ ಕಡಿಮೆ. ಮನೆ, ಹೆಸರು, ಮಾನ ಎಲ್ಲ ಕಳೆದುಕೊಂಡು ಹಡಗು ಹತ್ತಿದ ಹುಡುಗಿಯ ಬಳಿ ಉಳಿದ ಆಸ್ತಿ ಎಂದರೆ ಕಲಿತ ನಾಲ್ಕು ಅಕ್ಷರ. ಮುಂದೆ ಆಕೆಯ ಕೈಹಿಡಿದದ್ದೂ ಅದೇ.

ಕಲ್ಕತ್ತೆಯ ಬೇಳೆ, ರವೆ

1792 ನಮ್ಮವರಿಗೂ ನೆನಪಿರಬೇಕಾದ ವರ್ಷ. ಆ ವರ್ಷವೇ ಶ್ರೀರಂಗಪಟ್ಟಣದ ಒಪ್ಪಂದವಾಗಿ ಟಿಪ್ಪು ಸುಲ್ತಾನ ತನ್ನ ಇಬ್ಬರು ಮಕ್ಕಳನ್ನು ಇಂಗ್ಲಿಷರಿಗೆ ಒತ್ತೆಯಾಗಿ ಕೊಟ್ಟದ್ದು. ಇತ್ತ ಇದು ನಡೆದಿರುವಾಗ ಅತ್ತ ಸಿಡ್ನಿಯಲ್ಲಿ ಜನ ಹೊಟ್ಟೆಗಿಲ್ಲದೆ ಒದ್ದಾಡುತ್ತಿದ್ದರು. ಬಿತ್ತಿದ ಬೆಳೆ ಸರಿಯಾಗಿ ಬರುತ್ತಿರಲಿಲ್ಲ. ಸರ್ಕಾರಿ ಉಗ್ರಾಣದಿಂದ ವಾರಕ್ಕೊಮ್ಮೆ ಅಳೆದು ಕೊಡುವ ಪಡಿತರವೇ ಗತಿ. ಧಾನ್ಯ ಸಿಗಬಹುದಾದ ದೊಡ್ಡ ಪೇಟೆಗಳಲ್ಲಿ ಒಂದು ನಮ್ಮ ಕಲ್ಕತ್ತ. ಅಟ್ಲಾಂಟಿಕ್ ಎಂಬ ಹಡಗನ್ನು ಅಲ್ಲಿಗೆ ಕಳಿಸಿದರು. ಅದು 1792ರ ಜೂನಿನಲ್ಲಿ ಅಕ್ಕಿ, ರವೆ, ಬೇಳೆಗಳನ್ನು ತುಂಬಿಕೊಂಡು ಮರಳಿತು. ಗೋಧಿ ಹಿಟ್ಟು, ಉಪ್ಪುಮಾಂಸಗಳ ಅಭ್ಯಾಸವಿದ್ದ ಇಂಗ್ಲಿಷರ ನಾಲಿಗೆಗೆ ನಮ್ಮ ಬೇಳೆ ಅಷ್ಟಾಗಿ ಹಿಡಿಸಲಿಲ್ಲ. ಆದರೂ ಹಸಿದ ಹೊಟ್ಟೆಗೆ ಅದೇ ಆಸರೆಯಾಯಿತು. ಮುಂದೆ ಬಹುಕಾಲ ಸಿಡ್ನಿಯ ಅಂಗಡಿಗಳಿಗೆ ಅಕ್ಕಿ, ಸಕ್ಕರೆ, ಬಟ್ಟೆ, ಮದ್ಯ ಬಂಗಾಳದಿಂದ ಬರುತ್ತಿದ್ದವು.

ಮೇರಿಯನ್ನು ಫ್ರಾನ್ಸಿಸ್ ಗ್ರೋಸ್ ಎಂಬ ಸೇನಾಧಿಕಾರಿಯ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹಾಕಿದರು. 1794ರ ಸೆಪ್ಟೆಂಬರ್ 7ರಂದು, ತನ್ನ 17ನೇ ವಯಸ್ಸಿನಲ್ಲಿ, ಆಕೆ ಥಾಮಸ್ ರೀಬಿ ಎಂಬ ಯುವಕನನ್ನು ಮದುವೆಯಾದಳು. ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ಥಾಮಸ್ ಹಡಗಿನ ಕೆಲಸ ಬಲ್ಲವನು, ಭಾರತವನ್ನೂ ಕಂಡವನು. ಮುಂದೆ ಸಿಡ್ನಿಯಲ್ಲಿ ಕಲ್ಲಿನ ಮನೆ ಕಟ್ಟಿದಾಗ ಆತ ಅದಕ್ಕೆ ಎಂಟ್ಯಾಲಿ ಎಂದು ಹೆಸರಿಟ್ಟ. ಅದು ಕಲ್ಕತ್ತೆಯ ಒಂದು ಬಡಾವಣೆಯ ಹೆಸರು. ಕೈದಿಯೊಬ್ಬಳು ಸ್ವತಂತ್ರ ಪುರುಷನ ಕೈಹಿಡಿದದ್ದರಿಂದ ಆಕೆಯ ಬದುಕಿನ ದಿಕ್ಕು ಬದಲಾಯಿತು.

ನದಿಯ ದಂಡೆಯ ವ್ಯಾಪಾರ

ಗಂಡಹೆಂಡಿರು ಮೊದಲು ನೆಲೆಸಿದ್ದು ಸಿಡ್ನಿಯ ಆಚೆ ಹರಿಯುವ ಹಾಕ್ಸ್‌ಬರಿ ನದಿಯ ದಂಡೆಯಲ್ಲಿ. ಅದು ಫಲವತ್ತಾದ ಮೆಕ್ಕಲು ಮಣ್ಣಿನ ಜಾಗ. ಅಲ್ಲಿ ಬೆಳೆದ ಗೋಧಿ, ಜೋಳ ಸಿಡ್ನಿಗೆ ಹೋಗಬೇಕು, ಸಿಡ್ನಿಯ ಸಾಮಾನು ಅಲ್ಲಿಗೆ ಬರಬೇಕು. ರಸ್ತೆ ಸರಿಯಿಲ್ಲದ ಕಾಲದಲ್ಲಿ ದೋಣಿಯೇ ಗಾಡಿ. ರೀಬಿ ದಂಪತಿಗಳು ಧಾನ್ಯ ಸಾಗಿಸುವ ದೋಣಿಗಳನ್ನು ಇಟ್ಟರು. ಕ್ರಮೇಣ ಕಲ್ಲಿದ್ದಲು, ದೇವದಾರು ಮರ, ಸೀಲ್ ಎಂಬ ಕಡಲ ಪ್ರಾಣಿಯ ಚರ್ಮಗಳ ವ್ಯಾಪಾರಕ್ಕೂ ಇಳಿದರು. ಎಡ್ವರ್ಡ್ ವಿಲ್ಸ್ ಎಂಬುವನ ಪಾಲುಗಾರಿಕೆಯಲ್ಲಿ ಅವರ ಹಡಗುಗಳು ಪೆಸಿಫಿಕ್ ದ್ವೀಪಗಳಿಗೂ 1809ರಿಂದ ಚೀನಾ, ಫಿಲಿಪೈನ್ಸ್‌ಗಳಿಗೂ ಹೋಗತೊಡಗಿದವು.

ಒಂದು ಮಾತನ್ನು ಇಲ್ಲಿ ಮರೆಯಬಾರದು. ಆ ನದಿಗೆ ಹಾಕ್ಸ್‌ಬರಿ ಎಂಬ ಹೆಸರು ಬರುವುದಕ್ಕೆ ಸಾವಿರಾರು ವರ್ಷ ಮೊದಲೇ ಡೈರಬ್ಬಿನ್ ಎಂಬ ಹೆಸರಿತ್ತು. ಡಾರಗ್ ಎಂಬ ಮೂಲನಿವಾಸಿಗಳು ಆ ದಂಡೆಯ ಕಾಡುಗೆಣಸು ಅಗೆದು ತಿಂದು ಬದುಕಿದ್ದರು. ಗೆಣಸಿನ ನೆಲವನ್ನು ವಲಸಿಗರು ಉತ್ತು ಜೋಳ ಬಿತ್ತಿದಾಗ ಅವರ ಅನ್ನ ಹೋಯಿತು. ಹಸಿದವರು ಜೋಳದ ತೆನೆ ಮುರಿದರೆ ಗುಂಡು ಹಾರಿಸಿದರು. ವಲಸಿಗರ ಏಳಿಗೆಯ ಕಥೆಯ ಕೆಳಗೆ ಈ ಕಥೆಯೂ ಇದೆ. ರೀಬಿ ಮನೆತನದ ಸಂಪತ್ತಿಗೂ ಈ ಮಾತು ಸಲ್ಲುತ್ತದೆ.

ಹಣವಿಲ್ಲದ ಊರಿನ ಅಂಗಡಿ

ಥಾಮಸ್ ಕಡಲ ಮೇಲೆ ತಿಂಗಳುಗಟ್ಟಲೆ ಇರುತ್ತಿದ್ದಾಗ ಸಿಡ್ನಿಯ ಅಂಗಡಿ, ಉಗ್ರಾಣ, ವಸತಿಗೃಹಗಳನ್ನೆಲ್ಲ ನೋಡಿಕೊಂಡವಳು ಮೇರಿ. ಆ ಕಾಲದ ಸಿಡ್ನಿ ಅಂಗಡಿ ನಮ್ಮ ಕಿರಾಣಿ ಅಂಗಡಿಗೆ ದೂರದ ನೆಂಟನೇ. ಚಹಾ, ಸಕ್ಕರೆ, ಅಕ್ಕಿ, ಸಾಬೂನು, ಮೇಣದಬತ್ತಿ, ಪಿಂಗಾಣಿ ಬಟ್ಟಲು, ಕಬ್ಬಿಣದ ಬಾಣಲೆ, ಮೊಳೆ, ಕೊಡಲಿ, ಸೂಜಿದಾರ, ಬಟ್ಟೆಯ ಥಾನು ಎಲ್ಲವೂ ಒಂದೇ ಕಡೆ. ವ್ಯತ್ಯಾಸವೆಂದರೆ ಅಲ್ಲಿ ಎಲ್ಲವೂ ಹಡಗಿನಲ್ಲೇ ಬರಬೇಕು. ಹಡಗು ಬಂದ ವಾರ ಅಗ್ಗ, ಬಾರದಿದ್ದರೆ ಸೂಜಿಗೂ ಬರ. ಆರಂಭದ ವರ್ಷಗಳಲ್ಲಿ ಸೇನಾಧಿಕಾರಿಗಳು ಬಂದರಿಗೆ ಬಂದ ಸರಕನ್ನೆಲ್ಲ ತಾವೇ ಕೊಂಡು ಹಲವು ಪಟ್ಟು ಬೆಲೆಗೆ ಮಾರುತ್ತಿದ್ದರು. ಕಲ್ಕತ್ತದಿಂದ ಹೋಗಿ ನೆಲೆಸಿದ ರಾಬರ್ಟ್ ಕ್ಯಾಂಪ್‌ಬೆಲ್‌ನಂಥ ವರ್ತಕರೂ, ಶಿಕ್ಷೆ ಮುಗಿಸಿದ ಕೈದಿ ವ್ಯಾಪಾರಿಗಳೂ ಕ್ರಮೇಣ ಆ ಹಿಡಿತವನ್ನು ಸಡಿಲಿಸಿದರು.

ಇನ್ನೊಂದು ತೊಡಕು ಹಣದ್ದು. ಆ ವಸಾಹತಿಗೆ ತನ್ನದೇ ನಾಣ್ಯ ಇರಲಿಲ್ಲ. ಬಂದ ನಾಣ್ಯ ಸಾಮಾನು ತಂದ ಹಡಗಿನ ಜೊತೆಯಲ್ಲೇ ಹೊರಟುಹೋಗುತ್ತಿತ್ತು. ಗೋಧಿ, ರಮ್ ಎಂಬ ಮದ್ಯ, ಸರ್ಕಾರಿ ಉಗ್ರಾಣ ಕೊಟ್ಟ ರಸೀದಿ, ವ್ಯಾಪಾರಿಗಳು ಕೈಬರಹದಲ್ಲಿ ಬರೆದುಕೊಟ್ಟ ಚೀಟಿ, ಇವೇ ಹಣವಾಗಿ ಓಡಾಡುತ್ತಿದ್ದವು. ಇದನ್ನು ಸರಿಪಡಿಸಲು ಲ್ಯಾಕ್ಲನ್ ಮಕ್ವಾರಿ ಎಂಬ ಗವರ್ನರ್ 40,000 ಸ್ಪ್ಯಾನಿಷ್ ಬೆಳ್ಳಿ ಡಾಲರುಗಳನ್ನು ತರಿಸಿದ. ಅವು 1812ರಲ್ಲಿ ಬಂದದ್ದು ನಮ್ಮ ಮದ್ರಾಸಿನಿಂದ. ಹೊರದೇಶಕ್ಕೆ ಹೋಗದಿರಲೆಂದು ಪ್ರತಿ ನಾಣ್ಯದ ನಡುವೆ ತೂತು ಹೊಡೆಸಿ, ಹೊರಗಿನ ಬಳೆಗೆ ಐದು ಷಿಲಿಂಗ್, ನಡುವಿನ ಬಿಲ್ಲೆಗೆ ಹದಿನೈದು ಪೆನ್ಸ್ ಬೆಲೆ ಕಟ್ಟಿ ಚಲಾವಣೆಗೆ ತಂದರು.

ಇಂಥ ಊರಿನಲ್ಲಿ ಅಂಗಡಿ ನಡೆಸುವುದೆಂದರೆ ಜನರ ಮಾತನ್ನು ತೂಗಿ ನೋಡುವ ಕೆಲಸ. ರೈತ ಬಿತ್ತನೆಯ ಕಾಲದಲ್ಲಿ ಸಾಮಾನು ಒಯ್ಯುತ್ತಾನೆ, ಸುಗ್ಗಿಯಲ್ಲಿ ಗೋಧಿ ಕೊಡುತ್ತೇನೆನ್ನುತ್ತಾನೆ. 1806ರ ಮಾರ್ಚಿನಲ್ಲಿ ಹಾಕ್ಸ್‌ಬರಿಗೆ ಬಂದ ಮಹಾಪೂರದಂಥದ್ದು ಬಂದರೆ ಗೋಧಿಯೂ ಇಲ್ಲ, ರೈತನ ಮನೆಯೂ ಇಲ್ಲ. ಆಗ ಸಾಲವನ್ನು ಮುಂದೂಡಬೇಕೇ, ಜಮೀನು ಬರೆಸಿಕೊಳ್ಳಬೇಕೇ? ಆ ಕಾಲದ ವ್ಯಾಪಾರಿಗಳು ಎರಡನ್ನೂ ಮಾಡಿದರು. ಎಷ್ಟೋ ರೈತರ ಹೊಲಗಳು ಅಂಗಡಿ ಸಾಲಕ್ಕೆ ಕೈಬಿಟ್ಟವು.

ಏಳು ಮಕ್ಕಳ ವಿಧವೆ

1811ರ ಏಪ್ರಿಲ್ 5ರಂದು ಥಾಮಸ್ ತೀರಿಕೊಂಡ. ಒಂದು ತಿಂಗಳಲ್ಲಿ ಪಾಲುಗಾರ ವಿಲ್ಸ್ ಕೂಡ ಸತ್ತ. ಮೇರಿಗೆ ಆಗಿನ್ನೂ 33 ವರ್ಷ. ಮೂರು ಗಂಡು, ನಾಲ್ಕು ಹೆಣ್ಣು, ಒಟ್ಟು ಏಳು ಮಕ್ಕಳು. ಹಿರಿಯ ಮಗನಿಗೆ ಹದಿನೈದರ ಆಸುಪಾಸು. ದೋಣಿ, ಹಡಗು, ಹೊಲ, ಉಗ್ರಾಣ, ಬರಬೇಕಾದ ಬಾಕಿ ಎಲ್ಲವೂ ಒಮ್ಮೆಲೇ ಆಕೆಯ ಹೆಗಲಿಗೆ ಬಂದವು.

ಆಗಿನ ಇಂಗ್ಲಿಷ್ ಕಾನೂನಿನ ಪ್ರಕಾರ ಮದುವೆಯಾದ ಹೆಂಗಸಿಗೆ ಸ್ವಂತ ಆಸ್ತಿ ಇಲ್ಲ. ಆಕೆ ದುಡಿದದ್ದೂ ಗಂಡನದೇ. ಹದಿನೇಳು ವರ್ಷ ಮೇರಿ ಬರೆದ ಲೆಕ್ಕವೆಲ್ಲ ಕಾನೂನಿನ ಕಣ್ಣಿನಲ್ಲಿ ಥಾಮಸನ ಲೆಕ್ಕ. ವಿಧವೆಯಾದಾಗಲೇ ಆಕೆ ತನ್ನ ಹೆಸರಿನಲ್ಲಿ ಕೊಳ್ಳುವ, ಮಾರುವ ಹಕ್ಕು ಪಡೆದಳು. ಊರವರು ಆಕೆ ಎಲ್ಲವನ್ನೂ ಮಾರಿ ಕೈತೊಳೆದುಕೊಳ್ಳಬಹುದೆಂದು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆಕೆ ಮಾಡಿದ್ದು ಬೇರೆ. 1812ರಲ್ಲಿ ಸಿಡ್ನಿಯ ಜಾರ್ಜ್ ಬೀದಿಯಲ್ಲಿ ಹೊಸ ಉಗ್ರಾಣ ತೆರೆದಳು. 1817ರ ಹೊತ್ತಿಗೆ ಇನ್ನಷ್ಟು ಹಡಗುಗಳನ್ನು ಕೊಂಡಳು. ಆಕೆಯ ಆಸ್ತಿ 20,000 ಪೌಂಡು ಎಂದು ಊರಿನಲ್ಲಿ ಹೇಳಿಕೊಳ್ಳುತ್ತಿದ್ದರು.

1817ರಲ್ಲಿ ಆ ವಸಾಹತಿನ ಮೊದಲ ಬ್ಯಾಂಕು, ಬ್ಯಾಂಕ್ ಆಫ್ ನ್ಯೂ ಸೌತ್ ವೇಲ್ಸ್, ಬಾಗಿಲು ತೆರೆದದ್ದು ಮಕ್ವಾರಿ ಪ್ಲೇಸ್‌ನಲ್ಲಿ ಮೇರಿ ರೀಬಿ ಬಾಡಿಗೆಗೆ ಕೊಟ್ಟ ಮನೆಯಲ್ಲಿ. ಇಂದು ವೆಸ್ಟ್‌ಪ್ಯಾಕ್ ಎಂಬ ಹೆಸರಿನಲ್ಲಿರುವ ದೊಡ್ಡ ಬ್ಯಾಂಕು ಅದೇ. ಒಂದು ಕುದುರೆಯ ವಿಷಯದಲ್ಲಿ ನಂಬಲಾಗದವಳೆಂದು ನ್ಯಾಯಾಲಯ ದೇಶದಿಂದ ಹೊರಗೆ ಕಳಿಸಿದ ಹುಡುಗಿಯ ಸೂರಿನಡಿ ಒಂದು ವಸಾಹತಿನ ಹಣವೆಲ್ಲ ಬಂದು ಕುಳಿತಿತು.

ಆಕೆ ಮೃದು ಸ್ವಭಾವದವಳೇನೂ ಆಗಿರಲಿಲ್ಲ. ಅದೇ 1817ರಲ್ಲಿ, ಬಾಕಿ ಉಳಿಸಿಕೊಂಡಿದ್ದ ಒಬ್ಬನ ಮೇಲೆ ಕೈಮಾಡಿದ್ದಕ್ಕಾಗಿ ನ್ಯಾಯಾಲಯ ಆಕೆಯನ್ನು ತಪ್ಪಿತಸ್ಥಳೆಂದು ತೀರ್ಮಾನಿಸಿತು. ಏಳು ಮಕ್ಕಳನ್ನು ಕಟ್ಟಿಕೊಂಡು ಗಂಡಸರ ಪೇಟೆಯಲ್ಲಿ ವಸೂಲಿಗೆ ನಿಂತವಳ ಕೋಪ ಹೇಗಿದ್ದೀತು ಎಂದು ಊಹಿಸಬಹುದು, ಆದರೆ ಹೊಡೆದದ್ದು ಹೊಡೆದದ್ದೇ. ಜೀವನಚರಿತ್ರೆ ಬರೆಯುವಾಗ ಇಂಥದ್ದನ್ನು ಬಿಟ್ಟರೆ ಅದು ಬರೀ ಹೊಗಳಿಕೆಯಾಗುತ್ತದೆ.

ಅಳಿಯದ ಒಂದು ಗೆರೆ

ಗವರ್ನರ್ ಮಕ್ವಾರಿಯ ಹೆಸರಿಗೂ ನಮ್ಮ ನಾಡಿಗೂ ನಂಟಿದೆ. ಯುವ ಅಧಿಕಾರಿಯಾಗಿದ್ದಾಗ ಆತ 1792ರಲ್ಲೂ 1799ರಲ್ಲೂ ಶ್ರೀರಂಗಪಟ್ಟಣದ ಮೇಲೆ ನಡೆದ ಯುದ್ಧಗಳಲ್ಲಿ ಇಂಗ್ಲಿಷ್ ಸೇನೆಯಲ್ಲಿದ್ದವನು. ನಮ್ಮ ನೆಲಕ್ಕೆ ಶತ್ರುವಾಗಿ ಬಂದ ಆತ ಸಿಡ್ನಿಯಲ್ಲಿ 1810ರಿಂದ 1821ರವರೆಗೆ ಗವರ್ನರನಾಗಿದ್ದಾಗ ಒಂದು ಉದಾರ ನೀತಿ ಪಾಲಿಸಿದ. ಶಿಕ್ಷೆ ಮುಗಿಸಿ ನೆಟ್ಟಗೆ ಬದುಕುತ್ತಿರುವವರನ್ನು ಮತ್ತೆ ಸಮಾಜದಲ್ಲಿ ಅವರವರ ಸ್ಥಾನಕ್ಕೆ ಸೇರಿಸಿಕೊಳ್ಳಬೇಕು ಎಂಬುದು ಆತನ ನಿಲುವು. ಹಿಂದೆ ಕೈದಿಗಳಾಗಿದ್ದವರನ್ನು ನ್ಯಾಯಾಧಿಕಾರಿಗಳನ್ನಾಗಿ ನೇಮಿಸಿದ, ತನ್ನ ಮನೆಯ ಊಟಕ್ಕೆ ಕರೆದ. ಸ್ವತಂತ್ರರಾಗಿ ಬಂದ ಸಿರಿವಂತರಿಗೆ ಇದು ಹಿಡಿಸಲಿಲ್ಲ. ಕೈದಿಯ ಜೊತೆ ಪಂಕ್ತಿಯಲ್ಲಿ ಕೂರುವುದೇ ಎಂದು ಅವರು ದೂರವುಳಿದರು. ಪಂಕ್ತಿಭೇದದ ನೋವು ಗೊತ್ತಿರುವ ನಮ್ಮ ಜನಕ್ಕೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

1820ರಲ್ಲಿ ಮೇರಿ ತನ್ನ ಹೆಣ್ಣುಮಕ್ಕಳೊಡನೆ ಇಂಗ್ಲೆಂಡಿಗೆ ಹೋದಳು. ಕೈದಿಯಾಗಿ ಬಿಟ್ಟ ಊರಿಗೆ ಸಿರಿವಂತ ವರ್ತಕಿಯಾಗಿ ಬಂದವಳನ್ನು ಲ್ಯಾಂಕಾಷೈರಿನ ಜನ ಕುತೂಹಲದಿಂದಲೂ ಮೆಚ್ಚುಗೆಯಿಂದಲೂ ಕಂಡರು. ಹದಿಹರೆಯದಲ್ಲಿ ಬರೆದ ಪತ್ರದ ಮಾತು ಇಪ್ಪತ್ತೆಂಟು ವರ್ಷಗಳ ಮೇಲೆ ನಡೆದಿತ್ತು. ಆದರೆ ಆಕೆ ಅಲ್ಲಿ ಉಳಿಯಲಿಲ್ಲ. 1821ರಲ್ಲಿ ಮರೀನರ್ ಎಂಬ ಹಡಗಿನಲ್ಲಿ ಸಿಡ್ನಿಗೆ ಮರಳಿದಳು. ಆಕೆಯ ಊರು ಈಗ ಅದೇ ಆಗಿತ್ತು.

1828ರಲ್ಲಿ ವಸಾಹತಿನಲ್ಲಿ ಜನಗಣತಿ ನಡೆಯಿತು. ಪ್ರತಿಯೊಬ್ಬರೂ ಯಾವ ಹಡಗಿನಲ್ಲಿ, ಯಾವ ವರ್ಷ, ಕೈದಿಯಾಗಿ ಬಂದರೋ ಸ್ವತಂತ್ರರಾಗಿ ಬಂದರೋ ಎಂದು ಬರೆಸಬೇಕಿತ್ತು. ಮೇರಿ ರೀಬಿ 1821ರಲ್ಲಿ ಮರೀನರ್ ಹಡಗಿನಲ್ಲಿ ಸ್ವತಂತ್ರಳಾಗಿ ಬಂದವಳೆಂದು ಬರೆಸಿದಳು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 1792ರ ಹಡಗನ್ನು ಆಕೆ ಬಿಟ್ಟಳು.

ಇಡೀ ಜೀವನದಲ್ಲಿ ಮನಸ್ಸನ್ನು ಕಲಕುವ ಘಟನೆ ಇದೇ. ಊರಿನ ಎಷ್ಟೋ ಮನೆಗಳ ಬಾಕಿಯನ್ನು ಚುಕ್ತಾ ಮಾಡಿ ಗೆರೆ ಎಳೆದ ಅಂಗಡಿಯೊಡತಿಗೆ ತನ್ನ ಬಾಲ್ಯದ ಒಂದು ಬಾಕಿಯ ಮೇಲೆ ಗೆರೆ ಎಳೆಯಲಾಗಲಿಲ್ಲ. ಏಳು ವರ್ಷದ ಶಿಕ್ಷೆ ಮುಗಿದು ಮೂವತ್ತು ವರ್ಷವಾಗಿತ್ತು. ಕಾನೂನು ಮರೆತಿತ್ತು. ಜನ ಮರೆಯುತ್ತಾರೆಂಬ ನಂಬಿಕೆ ಮಾತ್ರ ಆಕೆಗೆ ಬರಲಿಲ್ಲ. ಆ ಗುಟ್ಟನ್ನು ಆಕೆ ಮುಚ್ಚಿಡಬೇಕಾಗಿ ಬಂದುದು ಆಕೆಯ ದೋಷಕ್ಕಿಂತ ಹೆಚ್ಚಾಗಿ ಸುತ್ತಲಿನ ಸಮಾಜದ ದೋಷ.

ಶಾಲೆಯ ಆಡಳಿತದಲ್ಲಿ

ಮುಂದಿನ ದಿನಗಳಲ್ಲಿ ಆಕೆ ನಿಧಾನವಾಗಿ ವ್ಯಾಪಾರದಿಂದ ಹಿಂದೆ ಸರಿದಳು. ಸಿಡ್ನಿಯ ನಡುಭಾಗದಲ್ಲಿ ಕಟ್ಟಿಸಿದ ಕಟ್ಟಡಗಳ ಬಾಡಿಗೆಯಲ್ಲಿ ಬದುಕು ಸಾಗುತ್ತಿತ್ತು. ಧರ್ಮಕಾರ್ಯ, ದಾನ, ವಿದ್ಯೆಗಳಿಗೆ ಮನಸ್ಸು ಕೊಟ್ಟಳು. 1825ರಲ್ಲಿ ಸಿಡ್ನಿಯ ಉಚಿತ ಗ್ರಾಮರ್ ಶಾಲೆಯ ಆಡಳಿತ ಮಂಡಳಿಗೆ ಆಕೆಯನ್ನು ಸೇರಿಸಿಕೊಂಡರು. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಸೆರೆಮನೆ ಕಂಡವಳು ನಲವತ್ತೆಂಟರಲ್ಲಿ ಮಕ್ಕಳ ಶಾಲೆಯ ಹಿತ ನೋಡುವ ಸ್ಥಾನದಲ್ಲಿ ಕುಳಿತಳು.

ಗಂಡುಮಕ್ಕಳು ವ್ಯಾಪಾರವನ್ನು ಟಾಸ್ಮೇನಿಯಾ ದ್ವೀಪಕ್ಕೂ ಹಬ್ಬಿಸಿದರು. ಹಿರಿಯ ಮಗ ಅಲ್ಲಿ ಕಟ್ಟಿಸಿದ ಮನೆಗೂ ಎಂಟ್ಯಾಲಿ ಎಂದೇ ಹೆಸರು. ಮೊಮ್ಮಗ ಥಾಮಸ್ ರೀಬಿ 1876ರಲ್ಲಿ ಟಾಸ್ಮೇನಿಯಾದ ಪ್ರಧಾನಿಯಾದ. ಅದನ್ನು ನೋಡಲು ಮೇರಿ ಇರಲಿಲ್ಲ. ಸಿಡ್ನಿಯ ನ್ಯೂಟೌನ್‌ನಲ್ಲಿ 1855ರ ಮೇ 30ರಂದು, ತನ್ನ 78ನೇ ವಯಸ್ಸಿನಲ್ಲಿ ಆಕೆ ಕಣ್ಣುಮುಚ್ಚಿದ್ದಳು.

20 ಡಾಲರಿನ ನೋಟಿನಲ್ಲಿ ಆಕೆಯ ಚಿತ್ರದ ಬಳಿ ಒಂದು ಹಡಗು, ಜಾರ್ಜ್ ಬೀದಿಯ ಒಂದು ಕಟ್ಟಡ ಇವೆ. ಜನಗಣತಿಯವರಿಗೆ ಆಕೆ ಹೇಳಲಾರದೆ ಹೋದ ಸಂಗತಿಯನ್ನು ಈಗ ಅಲ್ಲಿನ ಶಾಲೆಯ ಮಕ್ಕಳು ಪಾಠವಾಗಿ ಓದುತ್ತಾರೆ. ಯಾರಿಗೂ ಅದರಲ್ಲಿ ನಾಚಿಕೆ ಕಾಣುವುದಿಲ್ಲ. ಮರೆಯಾಗಬೇಕೆಂದು ಆಕೆ ಬಯಸಿದ್ದೇ ಆಕೆಯ ಹಿರಿಮೆಯ ಭಾಗವಾಗಿದೆ. ಅದಕ್ಕೆ ಒಂದೂವರೆ ಶತಮಾನ ಹಿಡಿಯಿತು.

ಐವತ್ತು ವರ್ಷಗಳಲ್ಲಿ ನಮ್ಮ ಪ್ರೌಢಶಾಲೆಯ ಹಾಜರಿ ಪುಸ್ತಕದಲ್ಲಿ ಸಾವಿರಾರು ಹೆಸರುಗಳು ಬಂದುಹೋಗಿವೆ. ಕೆಲವರ ಹೆಸರನ್ನು ಫಲಕಗಳಲ್ಲಿ ಬರೆದಿದ್ದೇವೆ. ಇನ್ನು ಕೆಲವು ಹೆಸರುಗಳು ನಡುವರ್ಷದಲ್ಲೇ ನಿಂತುಹೋದವು. ಮನೆಯ ಬಡತನವೋ, ಒಂದು ತಪ್ಪೋ, ಒಂದು ಅವಮಾನವೋ, ಕಾರಣ ಏನೇ ಇರಲಿ, ಹದಿಮೂರು ಹದಿನಾಲ್ಕರಲ್ಲಿ ಶಾಲೆ ಬಿಟ್ಟವರನ್ನು ಊರು ಬಹುಬೇಗ ಮುಗಿದ ಲೆಕ್ಕವೆಂದು ಬದಿಗಿಡುತ್ತದೆ. ಗುರುಗಳಲ್ಲಿ, ಹಿರಿಯರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಒಂದೇ ಅರಿಕೆ: ಅಂಥ ಮಕ್ಕಳ ಮನೆಗಳು ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಇವೆ. ಈ ಮಹೋತ್ಸವದ ವರ್ಷದಲ್ಲಿ ಅವರ ಬಾಗಿಲಿಗೂ ಒಮ್ಮೆ ಹೋಗೋಣ. ಕೈಬಿಟ್ಟ ಮಗುವಿನ ಹೆಸರನ್ನು ಮತ್ತೆ ಹಾಜರಿ ಪುಸ್ತಕದಲ್ಲಿ ಬರೆಯಲು ಒಂದು ಸಾಲು ಸಾಕು.